ದುಡ್ಡು ಬರುವ ದಿನ ಯಾವುದು?

ಅರಸೀಕೆರೆ ಕಡೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದ ಸಭೆ. ಸಂಜೆಯ ಹಾಲು ಅಳೆದು ಮುಗಿದಿತ್ತು, ಕ್ಯಾನುಗಳನ್ನು ತೊಳೆದು ಬೋರಲು ಹಾಕಿದ್ದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು ನಿಂತು, 'ಮೇಡಂ, ನಮಗೇನು ಐಡಿಯಾಕ್ಕೆ ಬರವಾ? ಪೇಡ ಮಾಡಕ್ಕೆ ಬರುತ್ತೆ, ಎರೆಗೊಬ್ಬರ ಮಾಡಕ್ಕೆ ಬರುತ್ತೆ, ಕೊಬ್ಬರಿ ಎಣ್ಣೆ ತೆಗೆಯಕ್ಕೆ ಬರುತ್ತೆ. ದುಡ್ಡು ಕೊಡೋರು ಯಾರು ಅಂತ ಹೇಳಿ, ಅಷ್ಟು ಸಾಕು' ಅಂದರು. ಎಲ್ಲರೂ ನಕ್ಕರು. ಅವರ ಪಕ್ಕದಲ್ಲಿದ್ದವರು ಕೂತಲ್ಲಿಂದಲೇ, 'ದುಡ್ಡು ಕೊಡೋರಿಗೇನು ಕಮ್ಮಿ? ಮಂಗಳವಾರ ಒಬ್ಬ, ಗುರುವಾರ ಒಬ್ಬ ಬೈಕಲ್ಲಿ ಬರ್ತಾನೆ. ಕೊಟ್ಟ ಮೇಲೆ ವಾರ ವಾರ ಬಂದು ಜಗಲಿ ಮೇಲೆ ಕೂರ್ತಾನಲ್ಲ, ಆಗ ಅವನಿಗೆ ಏನು ಹೇಳೋದು?' ಅಂದರು. ಈ ಸಲ ಯಾರೂ ನಗಲಿಲ್ಲ.

ಈ ಎರಡು ಮಾತನ್ನೂ ನೀವು ಕೇಳಿದ್ದೀರಿ. ನಿಮ್ಮಲ್ಲಿ ಕೆಲವರು ಮೊದಲನೆಯದನ್ನು ಆಡಿದ್ದೀರಿ, ಕೆಲವರು ಎರಡನೆಯದನ್ನು. ಮೊದಲ ವರ್ಷ ಮೊದಲನೆಯದನ್ನು ಆಡಿ, ಮೂರನೆಯ ವರ್ಷ ಎರಡನೆಯದನ್ನು ಆಡಿದವರೂ ಇದ್ದೀರಿ. ಐಡಿಯಾ ಚೆನ್ನಾಗಿತ್ತು, ಸಾಲವೂ ಸಿಕ್ಕಿತು, ಕೈಕೆಲಸವೂ ಗೊತ್ತಿತ್ತು. ಆದರೂ ಯಾಕೆ ಕೆಟ್ಟಿತು? ಊರೂರು ತಿರುಗಿ ಕೊಟ್ಟಿಗೆಗಳ ಲೆಕ್ಕ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಹೆಚ್ಚಿನ ಕಡೆ ಕೆಟ್ಟದ್ದು ಐಡಿಯಾ ಅಲ್ಲ, ದಿನ. ದುಡ್ಡು ಬರುವ ದಿನ ಒಂದು, ದುಡ್ಡು ಹೋಗಬೇಕಾದ ದಿನ ಇನ್ನೊಂದು.

ನಮ್ಮ ಸೀಮೆಯ ದುಡ್ಡಿನ ಪಂಚಾಂಗ

ನಮ್ಮ ಮೂರು ಊರುಗಳ ಕಡೆ ದುಡ್ಡು ಹೇಗೆ ಬರುತ್ತದೆ ಅಂತ ಒಮ್ಮೆ ನೋಡಿ. ಅರಸೀಕೆರೆಯಲ್ಲಿ ತೆಂಗು. ತಿಂಗಳೂವರೆಗೋ ಎರಡು ತಿಂಗಳಿಗೋ ಒಂದು ಸಲ ಕಾಯಿ ಕೀಳಿಸಿದರೆ ಆಗ ಒಂದಿಷ್ಟು. ಉಂಡೆ ಕೊಬ್ಬರಿ ಮಾಡುತ್ತೇವೆ ಅಂದರೆ ಕಾಯಿ ಅಟ್ಟದ ಮೇಲೆ ಎಂಟು, ಹತ್ತು, ಹನ್ನೆರಡು ತಿಂಗಳು ಕೂರಬೇಕು. ಗಾಳಿಗೆ ಒಣಗಿ ಒಳಗೆ ಗಡಗಡ ಅಲ್ಲಾಡಿದ ಮೇಲೆ ತಾನೇ ಅದು ತಿಪಟೂರಿನ ಹರಾಜಿಗೆ ಹೋಗುವುದು. ಹಳೇಬೀಡು, ಜಾವಗಲ್ ಕಡೆ ರಾಗಿ, ಜೋಳ, ಆಲೂಗಡ್ಡೆ. ಆಲೂಗಡ್ಡೆಗೆ ಮೂರು ತಿಂಗಳು, ರಾಗಿಗೆ ವರ್ಷಕ್ಕೊಂದು ಸುಗ್ಗಿ. ಶುಂಠಿ ಹಾಕಿದವರು ಒಂಬತ್ತು ಹತ್ತು ತಿಂಗಳು ಬಾಯಿ ಕಟ್ಟಿಕೊಂಡು ಕೂರಬೇಕು, ಕೊನೆಗೆ ಆ ವರ್ಷದ ರೇಟು ಹೇಗೋ ಹಾಗೆ. ಬೇಲೂರು ದಾಟಿ ಅರೇಹಳ್ಳಿ ಕಡೆ ಹೋದರೆ ಕಾಫಿ, ಅದೂ ವರ್ಷಕ್ಕೊಮ್ಮೆ.

ಇಷ್ಟರ ನಡುವೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ತಪ್ಪದೆ ಬರುವ ದುಡ್ಡು ಒಂದೇ. ಅದು ಡೈರಿಯ ಬಟವಾಡೆ. ಮಗನ ಶಾಲೆ ಫೀಸು, ಅತ್ತೆಯ ಮಾತ್ರೆ, ಕರೆಂಟು ಬಿಲ್ಲು, ಗ್ಯಾಸು ಎಲ್ಲ ನಡೆಯುವುದು ಅದರಿಂದ. ತೆಂಗಿನ ದುಡ್ಡು ಗಂಡಸರ ಜೇಬಿಗೆ ಹೋಗುತ್ತದೆ, ಹಾಲಿನ ದುಡ್ಡು ಹೆಂಗಸರ ಡಬ್ಬಿಗೆ ಬರುತ್ತದೆ ಅನ್ನುವ ಮಾತು ಇದೆ. ಎಲ್ಲ ಮನೆಗೂ ಒಪ್ಪುವ ಮಾತಲ್ಲ ಬಿಡಿ. ಹಾಲು ಕರೆಯುವವರು ಒಬ್ಬರು, ಪಾಸ್ ಪುಸ್ತಕ ಇನ್ನೊಬ್ಬರ ಹೆಸರಿನಲ್ಲಿ ಇರುವ ಮನೆಗಳು ಈಗಲೂ ಬೇಕಾದಷ್ಟಿವೆ.

ಈ ಬಟವಾಡೆ ತನ್ನಷ್ಟಕ್ಕೆ ಆಕಾಶದಿಂದ ಬಿದ್ದದ್ದಲ್ಲ. ಅದೂ ಒಂದು ಕಾಲದಲ್ಲಿ ಬಡವರಿಗೆ ಹೊಳೆದ ಐಡಿಯಾ. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ, ಮಧ್ಯವರ್ತಿಗಳಿಗೆ ಹಾಲು ಹಾಕುವುದಿಲ್ಲ ಎಂದು 15 ದಿನ ಹಾಲು ನಿಲ್ಲಿಸಿದರು. ಹಾಲನ್ನು ನೆಲಕ್ಕೆ ಸುರಿದರೂ ಸರಿ, ಕೊಡುವುದಿಲ್ಲ ಅಂದರು. ಅದೇ ವರ್ಷ ಡಿಸೆಂಬರಿನಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಒಕ್ಕೂಟ ನೋಂದಣಿಯಾಯಿತು. ಶುರುವಾದದ್ದು ಎರಡು ಹಳ್ಳಿಯ ಸಂಘಗಳಿಂದ, ದಿನಕ್ಕೆ 247 ಲೀಟರ್ ಹಾಲಿನಿಂದ. ಇವತ್ತು ನಮ್ಮ ಒಂದೊಂದು ಊರಿನ ಸಂಘವೇ ಅದಕ್ಕಿಂತ ಹೆಚ್ಚು ಹಾಲು ಅಳೆಯುತ್ತದೆ. ವರ್ಗೀಸ್ ಕುರಿಯನ್ ಆನಂದಕ್ಕೆ ಬಂದದ್ದು ಆಮೇಲೆ, 1949ರಲ್ಲಿ. ನಮ್ಮ ರಾಜ್ಯದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನುಗಾರಿಕೆ ಅಭಿವೃದ್ಧಿ ನಿಗಮ ಆರಂಭವಾದದ್ದು 1974ರಲ್ಲಿ, ಅದು ಕರ್ನಾಟಕ ಹಾಲು ಮಹಾಮಂಡಳ ಆದದ್ದು 1984ರಲ್ಲಿ. ಕೇಂದ್ರದ 'ಸ್ಟೆಪ್' ಯೋಜನೆ 1986-87ರಲ್ಲಿ ಬಂದ ಮೇಲೆ ಹೆಂಗಸರದೇ ಆದ ಹಾಲಿನ ಸಂಘಗಳು ಒಂದೊಂದಾಗಿ ಎದ್ದು ನಿಂತವು.

ಈ ಸಂಘಗಳು ಮಾಡಿದ ದೊಡ್ಡ ಕೆಲಸ ಯಾವುದು ಅಂದರೆ ಹೆಚ್ಚಿನವರು ರೇಟು ಅನ್ನುತ್ತಾರೆ. ನಾನು ದಿನ ಅನ್ನುತ್ತೇನೆ. ಹಳೆಯ ಕಾಲದ ಹಾಲಿನವನು ಕೂಡ ದುಡ್ಡು ಕೊಡುತ್ತಿದ್ದ. ಯಾವತ್ತು ಕೊಡುತ್ತಾನೆ, ಎಷ್ಟು ಹಿಡಿದುಕೊಂಡು ಕೊಡುತ್ತಾನೆ ಅನ್ನುವುದು ಮಾತ್ರ ಅವನಿಗೇ ಗೊತ್ತು. ಸಂಘ ಬಂದ ಮೇಲೆ ಆ ದಿನ ನಿಮಗೂ ಗೊತ್ತಾಯಿತು.

ದಿನಕ್ಕೆ ಹತ್ತು ಆದರೆ ಆಗುತ್ತದೆ

ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಅನ್ನುವ ಸೋಲಾರ್ ಸಂಸ್ಥೆ ಕಟ್ಟಿದವರು. ಅದಕ್ಕಾಗಿ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರು ಸೋಲಾರ್ ದೀಪ ಕೊಳ್ಳಲಾರರು ಎಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ಅವರು ಅದೇ ಬಡವರಿಗೆ ದೀಪ ಮಾರಲು ಹೊರಟಿದ್ದರು. ಬೀದಿ ಬದಿಯ ಒಬ್ಬ ವ್ಯಾಪಾರಿ ತನಗೆ ಪಾಠ ಹೇಳಿದರು ಎಂದು ಅವರು ಹಲವು ಕಡೆ ಹೇಳಿಕೊಂಡಿದ್ದಾರೆ. ತಿಂಗಳಿಗೆ 300 ರೂಪಾಯಿ ಕಟ್ಟು ಅಂದರೆ ನನ್ನ ಕೈಲಾಗದು, ದಿನಕ್ಕೆ 10 ಅಂದರೆ ಆಗುತ್ತದೆ ಅನ್ನುವುದು ಆ ಪಾಠ.

ಲೆಕ್ಕ ಒಂದೇ ತಾನೇ, 30 ದಿನಕ್ಕೆ 300. ಆದರೆ ದಿನಾ ದುಡ್ಡು ಬರುವವರಿಗೆ ದಿನಾ ಹತ್ತು ಎತ್ತಿಡುವುದು ಸಲೀಸು. ತಿಂಗಳ ಕೊನೆಗೆ 300 ಒಟ್ಟಿಗೆ ಇರುವುದಿಲ್ಲ, ಅಷ್ಟರಲ್ಲಿ ಯಾರಿಗೋ ಜ್ವರ ಬಂದಿರುತ್ತದೆ. ಹಾಗಾಗಿ ಬ್ಯಾಂಕಿನವರನ್ನು ಒಪ್ಪಿಸಿ, ಕೊಳ್ಳುವವರ ಆದಾಯ ಬರುವ ಕ್ರಮಕ್ಕೆ ಕಂತನ್ನು ಹೊಂದಿಸುವುದೇ ಆ ಸಂಸ್ಥೆಯ ದೊಡ್ಡ ಕೆಲಸವಾಯಿತು. ದೀಪ ಆಮೇಲೆ.

ಮಂಚದ ಕೆಳಗಿನ ಒಲೆ

ಇದನ್ನು ನಮಗಿಂತ ಮೊದಲೇ ತಿಳಿದುಕೊಂಡಿದ್ದ ಏಳು ಜನ ಹೆಂಗಸರ ವಿಷಯ ಹೇಳಬೇಕು. ಮುಂಬೈಯ ಗಿರ್‌ಗಾಂವ್‌ನ ಒಂದು ವಠಾರದ ಮಹಡಿ, 1959ರ ಮಾರ್ಚ್ 15. ಮನೆ ಕೆಲಸ ಬಿಟ್ಟರೆ ಬೇರೇನೂ ಗೊತ್ತಿಲ್ಲ ಅಂತ ಅನ್ನಿಸಿಕೊಂಡಿದ್ದ ಏಳು ಜನ ಗುಜರಾತಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಭುಲೇಶ್ವರದ ಒಬ್ಬ ವ್ಯಾಪಾರಿ ಕೊಂಡುಕೊಂಡ. ಅದೇ ಇವತ್ತಿನ ಲಿಜ್ಜತ್ ಪಾಪಡ್. ಈಗ ಅದರಲ್ಲಿ 45,000ಕ್ಕೂ ಹೆಚ್ಚು ಹೆಂಗಸರು ಇದ್ದಾರೆ, ಎಲ್ಲರೂ ಪಾಲುದಾರರೇ. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಇಷ್ಟನ್ನು ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಬೇರೆ ಮೂರು ಸಂಗತಿಗೆ. ಒಂದು, ಅವರು ದಾನ ತೆಗೆದುಕೊಳ್ಳುವುದಿಲ್ಲ ಎಂದು ಶುರುವಿನಲ್ಲೇ ತೀರ್ಮಾನಿಸಿದರು, ನಷ್ಟವಾದರೂ ಸರಿ ಎಂದು. ಇನ್ನೊಂದು, ಬೆಳಗ್ಗೆ ಕಲಸಿದ ಹಿಟ್ಟು ಮನೆಗೆ ತೆಗೆದುಕೊಂಡು ಹೋಗಿ, ಲಟ್ಟಿಸಿ ಒಣಗಿಸಿದ ಹಪ್ಪಳವನ್ನು ಮರುದಿನ ತಂದು ಒಪ್ಪಿಸಿದ ಕೂಡಲೇ ಕೂಲಿ ಕೈಗೆ ಬರುವ ಪದ್ಧತಿ ಮಾಡಿಕೊಂಡರು. ಹಿಟ್ಟಿನ ಹಣ ಸಂಸ್ಥೆಯದು. ಲಟ್ಟಿಸುವವಳು ಮುಂಚಿತವಾಗಿ ಒಂದು ಪೈಸೆ ಹಾಕಬೇಕಿಲ್ಲ, ಮಾರಾಟವಾಗುವ ತನಕ ಕಾಯಬೇಕೂ ಇಲ್ಲ. ಮೂರನೆಯದು ಮಳೆ. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಒಂದು ಮಂಚ, ಒಂದು ಒಲೆ ಕೊಂಡರು. ಹಪ್ಪಳ ಮಂಚದ ಮೇಲೆ, ಒಲೆ ಮಂಚದ ಕೆಳಗೆ. ಆಷಾಢದ ಜಡಿಮಳೆ ಕಂಡಿರುವ ಬೇಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ವರ್ಷದ ಅವರ ಒಟ್ಟು ವ್ಯಾಪಾರ 6,196 ರೂಪಾಯಿ.

ಮನೆಯ ಒಂದು ಕತೆ ಹೇಳಿಬಿಡುತ್ತೇನೆ. ನಮ್ಮ ಅಮ್ಮ ಒಳ್ಳೆಯ ಖೋವಾ ಮಾಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಗೌರಿ ಹಬ್ಬಕ್ಕೆ ಪೇಟೆಯ ಒಂದು ಸಿಹಿ ಅಂಗಡಿಯವರು 20 ಕೆಜಿ ಖೋವಾ ಬೇಕು ಅಂದರು. ಅಮ್ಮ ಎಂಟು ದಿನ ಡೈರಿಗೆ ಹಾಲು ಹಾಕದೆ, ಸಾಲದ್ದಕ್ಕೆ ಅಕ್ಕಪಕ್ಕದವರ ಹಾಲನ್ನೂ ಕಡ ತಂದು ರಾತ್ರಿಯೆಲ್ಲ ಬಾಣಲೆ ಮುಂದೆ ಕೂತರು. ಹಬ್ಬ ಮುಗಿಯಿತು. ದುಡ್ಡು ದೀಪಾವಳಿಗೆ ಅಂದರು, ಆಮೇಲೆ ಕಾರ್ತಿಕ ಕಳೆಯಲಿ ಅಂದರು. ಕೈಗೆ ಬಂದದ್ದು ಸಂಕ್ರಾಂತಿಗೆ, ಅದೂ ಎರಡು ಸಲ. ಲೆಕ್ಕದ ಪ್ರಕಾರ ಅಮ್ಮನಿಗೆ ಲಾಭವೇ ಆಗಿತ್ತು. ಆದರೆ ಆ ನಾಲ್ಕು ತಿಂಗಳು ಹಿಂಡಿಗೆ ಅಂಗಡಿಯಲ್ಲಿ ಬರೆಸಿದ ಸಾಲ, ನೆರೆಯವರ ಮುಂದೆ ತಲೆ ತಗ್ಗಿಸಿ ಓಡಾಡಿದ್ದು, ಇದ್ಯಾವುದನ್ನೂ ಆ ಲಾಭ ತೀರಿಸಲಿಲ್ಲ. ಅಮ್ಮ ಮತ್ತೆ ಖೋವಾ ಮಾರಲಿಲ್ಲ. ಐಡಿಯಾ ಕೆಟ್ಟದ್ದಾಗಿರಲಿಲ್ಲ, ಖೋವಾ ಅಂತೂ ಬೆಣ್ಣೆಯ ಹಾಗಿತ್ತು.

ಹಸುವಿಗೆ ರಜೆ ಉಂಟು, ಕಂತಿಗೆ ರಜೆ ಇಲ್ಲ

ಈಗ ಜಗಲಿ ಮೇಲೆ ಬಂದು ಕೂರುವವನ ವಿಷಯ.

ಬಡ ಹೆಂಗಸರಿಗೆ ಅಡಮಾನವಿಲ್ಲದೆ ಸಣ್ಣ ಸಾಲ ಕೊಡಬಹುದು ಅನ್ನುವುದೂ ಒಂದು ದೊಡ್ಡ ಐಡಿಯಾವೇ. ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದ ಪಕ್ಕದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಮೇಷ್ಟ್ರು ಮುಹಮ್ಮದ್ ಯೂನುಸ್, ಬಿದಿರಿನ ಮಣೆ ಹೆಣೆಯುವ ಹೆಂಗಸೊಬ್ಬರನ್ನು ಕಂಡರು. ಬಿದಿರು ಕೊಳ್ಳಲು ದುಡ್ಡಿಲ್ಲ. ವ್ಯಾಪಾರಿಯೇ ದುಡ್ಡು ಕೊಟ್ಟು, ಹೆಣೆದ ಮಣೆಯನ್ನು ತಾನು ಹೇಳಿದ ರೇಟಿಗೆ ತಾನೇ ಒಯ್ಯುತ್ತಿದ್ದ. ಊರೆಲ್ಲ ವಿಚಾರಿಸಿದರೆ ಹೀಗೆ ಸಿಕ್ಕಿಕೊಂಡವರು 42 ಜನ, ಎಲ್ಲರ ಸಾಲ ಸೇರಿಸಿದರೆ 27 ಡಾಲರ್. ಅಷ್ಟನ್ನು ಅವರು ತಮ್ಮ ಜೇಬಿನಿಂದ ಕೊಟ್ಟರು. ಅಲ್ಲಿಂದ ಬೆಳೆದದ್ದು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ವಾರದ ಕಂತು ಅನ್ನುವುದು ಜಗತ್ತಿನಾದ್ಯಂತ ಹರಡಿದ್ದು ಅಲ್ಲಿಂದಲೇ.

ಮಣೆ ಹೆಣೆಯುವವಳಿಗೆ ವಾರದ ಕಂತು ಒಪ್ಪುತ್ತದೆ. ಇವತ್ತು ಹೆಣೆದರೆ ನಾಳೆ ದುಡ್ಡು. ಹಸು ಬೇರೆ ಜೀವ. ಅದಕ್ಕೆ ತನ್ನದೇ ಪಂಚಾಂಗ ಇದೆ.

ಒಂದು ಲೆಕ್ಕ ಹಾಕೋಣ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ನಿಮ್ಮ ರೇಟು, ನಿಮ್ಮ ಹಿಂಡಿಯ ಬೆಲೆ ಹಾಕಿಕೊಂಡು ನೀವೇ ತಿದ್ದಿಕೊಳ್ಳಿ. 60,000 ರೂಪಾಯಿ ಸಾಲ ತಂದು ಕರು ಹಾಕಿದ ಹಸು ತಂದಿರಿ. ಎರಡು ವರ್ಷಕ್ಕೆ ವಾರದ ಕಂತು 750. ಹಸು ದಿನಕ್ಕೆ 10 ಲೀಟರ್, ಲೀಟರಿಗೆ 35 ರೂಪಾಯಿ. ವಾರಕ್ಕೆ 2,450. ಹಿಂಡಿ, ಬೂಸಾ, ಹುಲ್ಲು, ಖನಿಜ ಮಿಶ್ರಣ ದಿನಕ್ಕೆ 200 ಅಂದರೆ ವಾರಕ್ಕೆ 1,400. ಉಳಿದದ್ದು 1,050. ಕಂತು ಕಟ್ಟಿದ ಮೇಲೆ ಕೈಯಲ್ಲಿ 300. ಪರವಾಗಿಲ್ಲ ಅನ್ನಿಸುತ್ತದೆ.

ಏಳನೆಯ ತಿಂಗಳಿಗೆ ಹಾಲು 6 ಲೀಟರಿಗೆ ಇಳಿಯಿತು. ವಾರಕ್ಕೆ 1,470. ಮೇವು ಕಡಿಮೆ ಮಾಡಿ ದಿನಕ್ಕೆ 150 ಎಂದರೂ 1,050. ಉಳಿದದ್ದು 420. ಕಂತು 750 ಆಗಿರುವುದರಿಂದ ವಾರಕ್ಕೆ 330 ಕೈಯಿಂದ. ಆಮೇಲೆ ಗಬ್ಬದ ಹಸುವನ್ನು 60 ದಿನ ಬತ್ತಿಸಲೇಬೇಕು. ಇಲ್ಲದಿದ್ದರೆ ಕೆಚ್ಚಲಿಗೆ ವಿಶ್ರಾಂತಿ ಇಲ್ಲ, ಮುಂದಿನ ಸೂಲಿನ ಹಾಲೂ ಇಲ್ಲ. ಆ ಎರಡು ತಿಂಗಳು ಹಾಲಿನ ದುಡ್ಡು ಸೊನ್ನೆ, ಮೇವಿಗೆ ವಾರಕ್ಕೆ ಕನಿಷ್ಠ 650, ಕಂತು 750. ವಾರಕ್ಕೆ 1,400ರಂತೆ ಎರಡು ತಿಂಗಳಿಗೆ ಹತ್ತಿರ ಹತ್ತಿರ 12,000 ರೂಪಾಯಿ ಬೇರೆ ಎಲ್ಲಿಂದಲೋ ಬರಬೇಕು. ಮೊದಲ ನಾಲ್ಕು ತಿಂಗಳು ಉಳಿದ 300 ಪೂರ್ತಿ ಎತ್ತಿಟ್ಟರೂ 17 ವಾರಕ್ಕೆ 5,100 ತಾನೇ ಆಗುವುದು? ಮಿಕ್ಕದ್ದಕ್ಕೆ ಇನ್ನೊಂದು ಸಂಘದ ಸಾಲ. ಮಂಗಳವಾರದವನ ಕಂತಿಗೆ ಗುರುವಾರದವನಿಂದ ದುಡ್ಡು. ನಮ್ಮ ಹಳ್ಳಿಗಳಲ್ಲಿ ಗಂಟು ಬಿದ್ದಿರುವುದು ಇಲ್ಲಿ. ಕೆಲವರು ಹಸುವನ್ನು ಬತ್ತಿಸದೆ ಕರೆಯುತ್ತಲೇ ಹೋಗುತ್ತಾರೆ, ಕೆಲವರು ಏಳು ತಿಂಗಳ ಗಬ್ಬದ ಹಸುವನ್ನು ಸಂತೆಗೆ ಹೊಡೆಯುತ್ತಾರೆ. ಹಾಗೆ ಮಾರಿದ ಹಸುವಿನ ಕಂತನ್ನು ಆಮೇಲೂ ಕಟ್ಟುತ್ತಿರುವವರನ್ನು ನಾನು ನೋಡಿದ್ದೇನೆ.

ವಸೂಲಿಯ ಕಾಟ ಎಲ್ಲಿಗೆ ಮುಟ್ಟಿತ್ತು ಅನ್ನುವುದು ನಿಮಗೆ ಗೊತ್ತು. ಸಾಲಗಾರರ ಮೇಲೆ ಬಲವಂತ ಮಾಡುವವರಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಎಂದು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅದು ಬಾಗಿಲಿಗೆ ಬಂದು ಗಲಾಟೆ ಮಾಡುವವರ ಮಾತು. ಗಲಾಟೆ ಆಗುವ ಮೊದಲೇ, ಸಾಲಕ್ಕೆ ಸಹಿ ಹಾಕುವ ಮೊದಲೇ ನೀವು ಕೇಳಬಹುದಾದ ಸಂಗತಿಗಳು ಇವೆ. ರಿಸರ್ವ್ ಬ್ಯಾಂಕಿನ ಮೈಕ್ರೋಫೈನಾನ್ಸ್ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮನೆಯ ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಬಡ್ಡಿ, ಶುಲ್ಕ ಎಲ್ಲವೂ ನಿಮಗೆ ಅರ್ಥವಾಗುವ ಭಾಷೆಯ ಕಾಗದದಲ್ಲಿ ಇರಬೇಕು. ಇನ್ನೊಂದು ಅಂಶವನ್ನು ಹೆಚ್ಚಿನವರು ಕೇಳಿಯೇ ಇಲ್ಲ. ಕಂತು ವಾರಕ್ಕೋ, ಹದಿನೈದು ದಿನಕ್ಕೋ, ತಿಂಗಳಿಗೋ ಅನ್ನುವುದನ್ನು ಸಾಲ ಪಡೆಯುವವರ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಡುವ ನೀತಿ ಸಾಲ ಕೊಡುವ ಸಂಸ್ಥೆಯಲ್ಲಿ ಇರಲೇಬೇಕು. ಹಾಗಾಗಿ 'ನಮ್ಮ ಬಟವಾಡೆ ಹದಿನೈದು ದಿನಕ್ಕೊಮ್ಮೆ, ಕಂತೂ ಹಾಗೇ ಇರಲಿ' ಎಂದು ಕೇಳುವುದು ದಯೆ ಬೇಡುವುದಲ್ಲ. ಕೇಳಿ. ಒಬ್ಬರೇ ಕೇಳಿದರೆ ನಗುತ್ತಾರೆ, ಹತ್ತು ಜನ ಒಟ್ಟಿಗೆ ಕೇಳಿ.

ಹಸು ಕೊಳ್ಳುವವರಿಗೆ ನನ್ನ ಮಾತು ಇದು. ಎರಡು ಹಸು ಒಟ್ಟಿಗೆ ಕಟ್ಟಬೇಡಿ. ಮೊದಲನೆಯದು ಕರು ಹಾಕಿ ಐದಾರು ತಿಂಗಳಾದ ಮೇಲೆ ಎರಡನೆಯದು ಕರು ಹಾಕುವಂತಿರಲಿ. ಒಂದು ಬತ್ತಿದಾಗ ಇನ್ನೊಂದು ಕಂತು ಎಳೆಯುತ್ತದೆ. ಹಿಂಡಿ, ಮೇವಿನ ಖರ್ಚಿಗೆ ವಾರದ ಸಾಲ ಮಾಡುವ ಬದಲು ಬ್ಯಾಂಕಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳಿ. ಹೈನುಗಾರಿಕೆಗೂ ಅದು 2018-19ರಿಂದ ಸಿಗುತ್ತದೆ, ಜಮೀನಿನ ಬೆಳೆಗೆ ಮಾತ್ರ ಅಲ್ಲ. ಸಂಘದ ಕಾರ್ಯದರ್ಶಿಯಿಂದ ಒಂದು ವರ್ಷದ ಹಾಲಿನ ಲೆಕ್ಕ ಬರೆಸಿಕೊಂಡು ಹೋಗಿ. ಆ ಕಾಗದಕ್ಕಿಂತ ಒಳ್ಳೆಯ ಸಾಕ್ಷಿ ಬ್ಯಾಂಕಿನ ಮ್ಯಾನೇಜರಿಗೆ ಬೇರೆ ಸಿಗುವುದಿಲ್ಲ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಮಾತ್ರ ಕಂತಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ಬರುವ ದಿನ ಬೇರೆ.

ತುಪ್ಪವೋ, ಮಜ್ಜಿಗೆಯೋ, ಗೊಬ್ಬರವೋ

ಹಾಲು ಹಾಕುವುದರ ಜೊತೆಗೆ ಇನ್ನೊಂದು ಏನಾದರೂ ಮಾಡಬೇಕು ಅನ್ನುವವರು ಮೊದಲು ಹೇಳುವುದು ತುಪ್ಪ. ಶೇಕಡಾ 4 ಫ್ಯಾಟಿನ ಹಸುವಿನ ಹಾಲಾದರೆ ಒಂದು ಕೆಜಿ ತುಪ್ಪಕ್ಕೆ 25ರಿಂದ 28 ಲೀಟರ್ ಬೇಕು. ಲೀಟರಿಗೆ 35ರಂತೆ ಹಾಲೇ 875ರಿಂದ 980 ರೂಪಾಯಿ ಆಯಿತು. ಸೌದೆ, ಕಡೆಯುವ ಶ್ರಮ ಬೇರೆ. ಅಂಗಡಿಯಲ್ಲಿ ಡೈರಿ ತುಪ್ಪದ ಬೆಲೆ ಕೇಳಿ ನೋಡಿ, ಲೆಕ್ಕ ಅಲ್ಲೇ ಮುಗಿಯುತ್ತದೆ. ಮನೆ ತುಪ್ಪಕ್ಕೆ ಹೆಚ್ಚು ಕೊಡುವ ಗಿರಾಕಿ ಇದ್ದು, ಉಳಿದ ಮಜ್ಜಿಗೆಯೂ ಮಾರಾಟವಾದರೆ ಮಾತ್ರ ಕೈಗೆ ಹತ್ತುತ್ತದೆ. ಎಮ್ಮೆ ಇರುವವರಿಗೆ ಸ್ವಲ್ಪ ವಾಸಿ.

ಮಜ್ಜಿಗೆಯ ದುಡ್ಡು ಅವತ್ತೇ ಬರುತ್ತದೆ. ಬೇಲೂರು, ಹಳೇಬೀಡಿನ ದೇವಸ್ಥಾನಗಳು 2023ರ ಸೆಪ್ಟೆಂಬರಿನಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದವು. ಒಂಬೈನೂರು ವರ್ಷದಿಂದ ನಮ್ಮ ಪಕ್ಕದಲ್ಲೇ ಇದ್ದ ಗುಡಿಗಳು, ನೋಡಲು ಬರುವವರು ದೂರದವರು, ಬಿಸಿಲಲ್ಲಿ ಬಾಯಾರಿ ಕುಡಿಯುವುದು ಬಾಟಲಿಯ ಬಣ್ಣದ ನೀರು! 4 ಲೀಟರ್ ಹಾಲಿನ ಮೊಸರಿಗೆ ನೀರು ಬೆರೆಸಿದರೆ 12 ಲೀಟರ್ ಮಜ್ಜಿಗೆ, 200 ಮಿಲಿಯ 60 ಲೋಟ. ಹಾಲು 140, ಪೇಪರ್ ಲೋಟ 60, ಶುಂಠಿ ಕೊತ್ತಂಬರಿ ಉಪ್ಪು 30, ಆಟೋ 60, ಒಟ್ಟು 290. ಲೋಟಕ್ಕೆ 10ರಂತೆ ಎಲ್ಲ ಹೋದರೆ 600, ಉಳಿಯುವುದು 310. ಅರ್ಧವೇ ಹೋದರೆ 300 ಬಂತು, ಉಳಿದ ಲೋಟ ನಾಳೆಗಾಯಿತು, ಆದರೂ ಕೈಯಲ್ಲಿ 40. ಒಂದು ದಿನದ ಕೂಲಿ 40 ಅಂದ ಹಾಗಾಯಿತು. ಏಪ್ರಿಲ್ ಬಿಸಿಲಿಗೂ ಶಾಲಾ ಪ್ರವಾಸದ ಡಿಸೆಂಬರಿಗೂ ಒಪ್ಪುವ ವ್ಯಾಪಾರ ಜುಲೈ ಜಿಟಿಜಿಟಿಗೆ ಒಪ್ಪುವುದಿಲ್ಲ. ಇದಕ್ಕೆ ವರ್ಷಪೂರ್ತಿ ಕಂತಿನ ಸಾಲ ಮಾಡಿ ತಳ್ಳುಗಾಡಿ ಕೊಳ್ಳಬೇಡಿ. ಎರಡು ಕೊಳಗ ಇಟ್ಟುಕೊಂಡು ಶನಿವಾರ ಭಾನುವಾರ ಶುರು ಮಾಡಿ, ಎಷ್ಟು ಲೋಟ ಹೋಯಿತು ಅಂತ ಬರೆದಿಡಿ. ಅದಕ್ಕೂ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಸಣ್ಣ ವ್ಯಾಪಾರಕ್ಕೆ ಅದು ಕಷ್ಟದ್ದೂ ಅಲ್ಲ, ದುಬಾರಿಯೂ ಅಲ್ಲ. ಗುಡಿಯ ಸುತ್ತ ಎಲ್ಲಿ ಕೂರಬಹುದು ಅಂತ ಪಂಚಾಯಿತಿ, ಪುರಸಭೆಯಲ್ಲಿ ಕೇಳಿಕೊಂಡೇ ಕೂರಿ.

ಸಗಣಿಯ ದಾರಿ ಬೇರೆ. ಅದು ಹೇಗೂ ಇದೆ, ಡೈರಿಯ ಹಾಲನ್ನೂ ಕಮ್ಮಿ ಮಾಡುವುದಿಲ್ಲ. ನನ್ನನ್ನು ಕೇಳಿದರೆ ಹಾಲು ಹಾಕುವವರಿಗೆ ಮೊದಲ ಉದ್ಯಮ ಇದೇ. ಎರೆಗೊಬ್ಬರ ತಯಾರಾಗಲು ಎರಡು ಎರಡೂವರೆ ತಿಂಗಳು ಬೇಕು. ಒಂದೇ ತೊಟ್ಟಿ ಇದ್ದರೆ ದುಡ್ಡೂ ಅಷ್ಟು ತಿಂಗಳಿಗೊಮ್ಮೆ. ನಾಲ್ಕು ತೊಟ್ಟಿ ಮಾಡಿ ಹದಿನೈದು ದಿನಕ್ಕೊಂದರಂತೆ ತುಂಬಿದರೆ ಹದಿನೈದು ದಿನಕ್ಕೊಂದು ತೊಟ್ಟಿ ಖಾಲಿ ಮಾಡಲು ಸಿಗುತ್ತದೆ, ಬಟವಾಡೆಯ ಹಾಗೆ. ಕಾಫಿ ತೋಟದವರಿಗೆ, ತೆಂಗಿನ ತೋಟದವರಿಗೆ, ಶುಂಠಿಯವರಿಗೆ ಗೊಬ್ಬರ ಬೇಕೇ ಬೇಕು. ಈಗ ಅವರು ನಮ್ಮ ತಿಪ್ಪೆಯನ್ನೇ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಎತ್ತಿಕೊಂಡು ಹೋಗುತ್ತಿಲ್ಲವೇ?

ಹಳೇಬೀಡು ಕಡೆಯ ಜೋಳದವರು ರಸಮೇವಿನ ಬಗ್ಗೆ ಕೇಳುತ್ತಾರೆ. ತೆನೆ ಹಾಲು ತುಂಬಿ ಗಟ್ಟಿಯಾಗುವ ಹೊತ್ತಿಗೆ ಕತ್ತರಿಸಿ, ತುಳಿದು, ಗಾಳಿಯಾಡದಂತೆ ಚೀಲದಲ್ಲಿ ಕಟ್ಟಿದರೆ 45 ದಿನಕ್ಕೆ ತಯಾರು. ಆದರೆ ಒಳ್ಳೆಯ ಬೆಲೆ ಬರುವುದು ಹಸಿರು ಇಲ್ಲದ ಮಾರ್ಚ್, ಏಪ್ರಿಲಿಗೆ. ಅಲ್ಲಿಯ ತನಕ ದುಡ್ಡು ಚೀಲದಲ್ಲಿ ಮುಚ್ಚಿಕೊಂಡಿರುತ್ತದೆ, ಅಟ್ಟದ ಮೇಲಿನ ಕೊಬ್ಬರಿಯ ಹಾಗೆ. ಸ್ವಂತ ದುಡ್ಡಿದ್ದರೆ ಮಾಡಿ. ಇಲ್ಲದಿದ್ದರೆ ಮೊದಲ ವರ್ಷ ನಿಮ್ಮ ಹಸುವಿಗಷ್ಟೇ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಮೇವಿನ ಖರ್ಚು ಇಳಿದರೆ ಅದೂ ಬಂದ ದುಡ್ಡೇ.

ಸಹಾಯಧನದ ಬಗ್ಗೆ ಒಂದು ಎಚ್ಚರ

ಪೇಡ, ಹಪ್ಪಳ, ಎಣ್ಣೆ ಇಂಥ ಆಹಾರದ ಕೆಲಸಕ್ಕೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಅನ್ನುವ ಕೇಂದ್ರ ಯೋಜನೆ ಇದೆ. ಯಂತ್ರ, ಕಟ್ಟಡದ ವೆಚ್ಚದಲ್ಲಿ ಶೇಕಡಾ 35, ನಮ್ಮ ರಾಜ್ಯ ಸೇರಿಸುವ ಶೇಕಡಾ 15, ಒಟ್ಟು ಅರ್ಧದಷ್ಟು ಸಹಾಯಧನ, ಗರಿಷ್ಠ 15 ಲಕ್ಷ. ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳಲ್ಲಿ ಆಹಾರ ತಯಾರಿಸುವ ಸದಸ್ಯೆಗೆ 40,000 ರೂಪಾಯಿ ತನಕ ಮೂಲಧನವೂ ಉಂಟು, ಒಕ್ಕೂಟದ ಮೂಲಕ, ತಿರುಗಿ ಕಟ್ಟುವ ಕರಾರಿನ ಮೇಲೆ. ಅರ್ಜಿ ಹಾಕುವ ಮೊದಲು ಈಗಿನ ನಿಯಮ ಏನೆಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

'ಅರ್ಧ ಸರ್ಕಾರ ಕೊಡುತ್ತದೆ' ಎಂದು ಕೇಳಿದ ಕೂಡಲೇ ಅರ್ಧ ದುಡ್ಡು ಕೈಗೆ ಬಂತು ಅಂದುಕೊಳ್ಳುವವರು ಬಹಳ. ಹಾಗಲ್ಲ. ಕನಿಷ್ಠ ಶೇಕಡಾ 10 ನಿಮ್ಮದು, ಮಿಕ್ಕದ್ದಕ್ಕೆ ಬ್ಯಾಂಕ್ ಸಾಲ. ಸಹಾಯಧನ ಬ್ಯಾಂಕಿನಲ್ಲೇ ನಿಮ್ಮ ಹೆಸರಿನಲ್ಲಿ ಬೇರೆಯಾಗಿ ಕೂರುತ್ತದೆ. ಮೂರು ವರ್ಷ ಕಂತು ತಪ್ಪದೆ ಕಟ್ಟಿ, ಘಟಕವೂ ನಡೆಯುತ್ತಿದ್ದರೆ ಆಗ ಅದು ಸಾಲಕ್ಕೆ ಜಮೆಯಾಗುತ್ತದೆ. ಅಂದರೆ ಮೂರು ವರ್ಷದ ಕಂತನ್ನು ನಿಮ್ಮ ವ್ಯಾಪಾರವೇ ಎಳೆಯಬೇಕು. ಹಾಲು ಕುದಿಸುವ ಯಂತ್ರ ತಂದು ಪೂಜೆ ಮಾಡಿ, ಕೊಳ್ಳುವವರು ಇಲ್ಲದೆ ಅದಕ್ಕೆ ಚಾಪೆ ಹೊದಿಸಿ ಮೂಲೆಗೆ ಸರಿಸಿದ್ದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಬಾಣಲೆಯಲ್ಲೇ ಆರು ತಿಂಗಳು ಮಾಡಿ, ನಗದಿಗೇ ಮಾರಿ ನೋಡಿದ್ದರೆ ಯಂತ್ರ ಬೇಕೋ ಬೇಡವೋ ಅಂತ ಆ ಬಾಣಲೆಯೇ ಹೇಳುತ್ತಿತ್ತು.

ಅರಸೀಕೆರೆಯ ಆ ಸಭೆ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಪೇಡ ಮಾಡುತ್ತೇನೆ ಅಂದಿದ್ದ ಅಕ್ಕನಿಗೆ ಪಾಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಗೆರೆ ಎಳೆಯಲು ಹೇಳಿದೆ. ಎಡಗಡೆ, ಮುಂದಿನ ಹನ್ನೆರಡು ತಿಂಗಳಲ್ಲಿ ಮನೆಗೆ ಯಾವ ದಿನ ಎಲ್ಲಿಂದ ದುಡ್ಡು ಬರುತ್ತದೆ. ನಡುವೆ, ಯಾವ ದಿನ ಯಾರಿಗೆ ಹೋಗಬೇಕು. ಬಲಗಡೆ, ಯಾವ ಹಸು ಯಾವಾಗ ಬತ್ತುತ್ತದೆ. ಅವರಿಗೆ ಓದು ಬರಹ ಅಷ್ಟಕ್ಕಷ್ಟೇ, ಪಿಯುಸಿ ಓದುವ ಮಗಳನ್ನು ಕರೆಸಿ ಬರೆಸಿದರು. ಬರೆದು ಮುಗಿಸಿದ ಮೇಲೆ ಬಹಳ ಹೊತ್ತು ಆ ಹಾಳೆ ನೋಡಿದರು. ಬಲಗಡೆ ಮಾಘ, ಫಾಲ್ಗುಣದ ಎದುರು ಅವರ ಎರಡೂ ಹಸುವಿನ ಹೆಸರು ಒಟ್ಟಿಗೆ ಬಂದಿದ್ದವು. ನಡುವಿನ ಸಾಲಿನಲ್ಲಿ ಅದೇ ಎರಡು ತಿಂಗಳ ಮುಂದೆ ಮೂರು ಕಂತು, ಒಂದು ನಾಮಕರಣ.

'ಈ ಸಲ ಕೆಂದೀನ ತಿಂಗಳು ತಡವಾಗಿ ಕಟ್ಟಿಸಬೇಕಿತ್ತು' ಅಂದರು. ಪೇಡದ ಮಾತು ಬರಲಿಲ್ಲ. ಮುಂದಿನ ಸಭೆಗೆ ಬರುವಾಗ ಎಲ್ಲರೂ ಆ ಹಾಳೆ ತನ್ನಿ ಅಂತ ಹೇಳಿ ಬಂದಿದ್ದೇನೆ. ನಿಮ್ಮ ಸಂಘಕ್ಕೆ ಬಂದಾಗಲೂ ಕೇಳುತ್ತೇನೆ.